ಮೊಗಲಾಯಿಯಲ್ಲಿ ಗೋದಾವರಿಯನ್ನು ಹುಡುಕಿದ್ದು

ಗಡಿ ದಾಟಿದ್ದು

ನನ್ನ ವಾರಿಗೆಯವರೆಲ್ಲ ದುಬೈ, ಸಿಂಗಾಪುರ ನೋಡಿ ಬಂದು, ಕಂಡಕಂಡವರಿಗೆ ಫೋಟೊ ತೋರಿಸಿ ಪ್ರಾಣ ತಿನ್ನುತ್ತಾರೆ. ನಾನು ನೋಡಿದ ಪರದೇಶ ಹೈದರಾಬಾದ್ ಒಂದೇ. ನಗಬೇಡಿ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅದು ಇಂದಿಗೂ ಪರದೇಶವೇ. ಎಂಬತ್ತನಾಲ್ಕರ ನನ್ನ ಅವ್ವ ಆ ಊರಿಗೂ ಅದರ ಸುತ್ತಲ ಸೀಮೆಗೂ ಸೇರಿಸಿ ‘ಮೊಗಲಾಯಿ’ ಎನ್ನುತ್ತಾಳೆ. ನಿಜಾಮರ ಆಳ್ವಿಕೆ ಹೋದದ್ದು, ರಾಜ್ಯ ಒಡೆದು, ಕೂಡಿ, ಮತ್ತೆ ಒಡೆದು ತೆಲಂಗಾಣ ಆದದ್ದು ಅವಳಿಗೆ ತಿಳಿದಿಲ್ಲ ಎಂದಲ್ಲ. ತಿಳಿದಿದೆ, ಒಪ್ಪಿಲ್ಲ.

ನಾನು ಮಾಧವ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಜೊತೆಗೆ ಹೊರಟವಳು ತಂಗಿ ಸುಧಾ, ಐವತ್ತೈದರವಳು. ಅವಳಿಗೆ ಇಪ್ಪತ್ತರಲ್ಲಿ ಕಿವಿ ಹೋದವು. ತುಟಿ ನೋಡಿ ಮಾತು ತಿಳಿಯುತ್ತಾಳೆ. ಆಡದೆ ನುಂಗಿದ ಮಾತೂ ಅವಳಿಗೆ ತಿಳಿಯುತ್ತದೆ ಎಂದು ಅವಳ ಗಂಡನ ದೂರು.

ಕಿವಿ ಹೋದ ಕಥೆ ಹೀಗೆ. ಆಗ ಅವಳಿಗೆ ಕ್ಷಯ ಆಗಿತ್ತು. ಕಂಪೌಂಡರ್ ದಿನಾ ಮುಂಜಾನೆ ಮನೆಗೇ ಬಂದು ಇಂಜೆಕ್ಷನ್ ಕೊಡುತ್ತಿದ್ದ. ಆರನೆಯ ದಿನ ಸುಧಾ, “ಕಿವ್ಯಾಗ ಏನೋ ಗುಂಯ್ ಅನ್ನಾಕತ್ತೈತಿ” ಎಂದಳು. “ಕೋರ್ಸ್ ಮುಗೀಲಿ, ಎಲ್ಲಾ ಸರಿ ಆಗ್ತೈತಿ” ಎಂದು ಅವ್ವ ಒಂದನ್ನೂ ತಪ್ಪಿಸದೆ ಹಾಕಿಸಿದಳು. ಕ್ಷಯ ಹೋಯಿತು, ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಹಸಿ ತಲೆಯಲ್ಲಿ ಮಲಗಿದ್ದಕ್ಕೆ ಹೀಗಾಯಿತು ಎಂದಳು ನಮ್ಮ ಸೋದರತ್ತೆ. ಯಾರದೋ ದೃಷ್ಟಿ ಎಂದಳು ಅಜ್ಜಿ. ಅವ್ವ ಏನೂ ಅನ್ನಲಿಲ್ಲ. ಹಾಕಿಸಿದವಳು ತಾನು ಎಂದು ಮೂವತ್ತೈದು ವರ್ಷ ಒಳಗೊಳಗೇ ಬೆಂದಳು.

ಈಚೆಗೆ ಬಾಗಲಕೋಟೆಗೆ ಬಂದ ಹೊಸ ಕಿವಿ ಡಾಕ್ಟರು ಈ ಕಥೆ ಕೇಳಿದವರೇ ಸುಧಾಳ ರಕ್ತವನ್ನು ಹೈದರಾಬಾದಿನ ಒಂದು ಸಂಶೋಧನಾಲಯಕ್ಕೆ ಕಳಿಸಿದರು. ಕೆಲವು ತಿಂಗಳ ಮೇಲೆ ಅಲ್ಲಿಂದ ಫೋನ್ ಬಂತು: ಕಾಯಿಲೆ ರಕ್ತಸಂಬಂಧದ್ದು, ಅಣ್ಣನನ್ನೂ ಕರೆದುಕೊಂಡು ಬನ್ನಿ, ಮನೆತನದ ವಂಶವೃಕ್ಷ ಇದ್ದರೆ ತನ್ನಿ. ಹಳೆಯ ಗಾಯ ಕೆದಕುವುದು ಬೇಡವೆಂದು ಅವ್ವನಿಗೆ, ಸುಧಾಗೆ ಹೊಸ ಕಿವಿಮಷಿನ್ ತರಲು ಹೋಗುತ್ತಿದ್ದೇವೆ ಎಂದು ಸುಳ್ಳು ಹೇಳಿದೆವು.

ವಂಶವೃಕ್ಷ ಎಂಬ ಮಾತು ಕೇಳಿದ್ದೇ ನನ್ನ ಎದೆ ಉಬ್ಬಿತು. ನಿವೃತ್ತಿಯಾದ ಮೇಲೆ ನಾನು ಮಾಡಿದ ಘನಕಾರ್ಯವೆಂದರೆ ಅದೊಂದೇ. ಏಳು ತಲೆಮಾರು, ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾವಿನ ಮರ, ಎಲೆಗೊಂದು ಹೆಸರು. ಅದನ್ನು ಸುರುಳಿ ಸುತ್ತಿ ಪ್ಲಾಸ್ಟಿಕ್ ಪೈಪಿನೊಳಗೆ ಇಟ್ಟುಕೊಂಡು ರೈಲು ಹತ್ತಿದೆ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಪೊಲೀಸರೊಬ್ಬರು ಪೈಪನ್ನು ಅನುಮಾನದಿಂದ ನೋಡಿ ಬಿಚ್ಚಿಸಿದರು. ಮರ ಕಂಡಿತು. ಅವರು ತಮ್ಮ ಮುತ್ತಜ್ಜನ ಹೆಸರು ನೆನಪಾಗದೆ ಮುಂದಿನ ಸ್ಟೇಷನ್ನಿನವರೆಗೂ ನನ್ನ ಪಕ್ಕದಲ್ಲೇ ಕೂತರು.

ತಾಂಡೂರು ಬರುವ ಹೊತ್ತಿಗೆ ಫೋನಿಗೆ ತೆಲಂಗಾಣಕ್ಕೆ ಸ್ವಾಗತ ಎಂಬ ಸಂದೇಶ ಬಂತು.

“ಮುಗೀತೇನು? ಪಾಸ್‌ಪೋರ್ಟಿಗೆ ಸಿಕ್ಕಾ ಹೊಡೆಯೋರು ಯಾರೂ ಬರಂಗಿಲ್ಲೇನು?” ಎಂದು ಸುಧಾ ಇಡೀ ಡಬ್ಬಿಗೆ ಕೇಳುವಂತೆ ಕೇಳಿದಳು. ತನ್ನ ದನಿ ತನಗೆ ಕೇಳಿಸದ್ದರಿಂದ ಅವಳು ಗುಟ್ಟನ್ನೂ ಡಂಗುರ ಹೊಡೆದೇ ಹೇಳುತ್ತಾಳೆ.

ಬೇಗಂಪೇಟೆ

ಇಳಿದುಕೊಂಡದ್ದು ಪದ್ಮಕ್ಕನ ಮನೆಯಲ್ಲಿ. ಲಾಡ್ಜ್ ನೋಡಿಕೊಳ್ಳುತ್ತೇವೆ ಎಂದರೆ ಅವ್ವ ಕೇಳಲಿಲ್ಲ. “ಬೇಗಂಪೇಟ್ಯಾಗ ಪದ್ಮಾ ಅದಾಳ. ನಮ್ಮ ಪೈಕಿ. ಆಕೀ ಮನ್ಯಾಗ ಇಳೀರಿ” ಎಂದು ಅಪ್ಪಣೆ ಕೊಡಿಸಿದಳು. ‘ನಮ್ಮ ಪೈಕಿ’ ಎಂದರೆ ನಮ್ಮ ಕಡೆ ಬಹಳ ದೊಡ್ಡ ಚೀಲ, ಅದರಲ್ಲಿ ಯಾರನ್ನು ಬೇಕಾದರೂ ತುಂಬಬಹುದು. ನನ್ನ ಮರದಲ್ಲಂತೂ ಈ ಪದ್ಮಕ್ಕನ ಕಡೆಯವರ ಒಂದು ಎಲೆಯೂ ಇರಲಿಲ್ಲ. ಆದ್ದರಿಂದ ಅವರು ಸಂಬಂಧಿಕರಲ್ಲ, ಮುದುಕಿಯ ಸಲಿಗೆ ಅಷ್ಟೇ, ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ.

ಪದ್ಮಕ್ಕನಿಗೆ ಅರವತ್ತಾರು. ಸರ್ಕಾರಿ ನೌಕರಿಯಲ್ಲಿದ್ದು ಪಿಂಚಣಿ ಪಡೆಯುತ್ತಿರುವವರು, ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಬಾಗಿಲು ತೆರೆದ ಒಂದೇ ಉಸಿರಿನಲ್ಲಿ ಆಟೋದವನಿಗೆ ಹಿಂದಿಯಲ್ಲಿ ಬೈದು, ಎದುರುಮನೆಯವಳಿಗೆ ತೆಲುಗಿನಲ್ಲಿ ನಮ್ಮ ಪರಿಚಯ ಹೇಳಿ, ನಮ್ಮ ಕಡೆ ತಿರುಗಿ, “ಬರ್ರೀ, ಬರ್ರೀ. ಕಾಲ್ ತೊಳಕೋರಿ, ಗೀಸರ್ ಚಾಲೂ ಐತಿ. ಫಿಕರ್ ಮಾಡಬ್ಯಾಡ್ರಿ, ನಿಮ್ಮ ಮನೀನ ಇದು” ಎಂದರು. ಮೂರು ಭಾಷೆಗೆ ಮೂರು ಮುಖ. ಕನ್ನಡದ ಮುಖಕ್ಕೆ ನಗೆ ಜಾಸ್ತಿ.

ಮನೆಯಲ್ಲಿ ಮೊಮ್ಮಗಳು ಅನಘಾ ಇದ್ದಳು, ಪದ್ಮಕ್ಕನ ಮಗಳ ಮಗಳು. ಕೊಂಡಾಪುರದ ಒಂದು ಕಂಪನಿಯಲ್ಲಿ ಕೆಲಸ, ಅಲ್ಲೇ ಗೆಳತಿಯರ ಜೊತೆ ವಾಸ. ಕಿಡ್ನಿಗೆ ಸೋಂಕು ತಗುಲಿ, ಸಾಮಾನ್ಯ ಗುಳಿಗೆಗೆ ಬಗ್ಗದೆ, ಹತ್ತು ದಿನ ದಿನಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟಿದ್ದರು. ಅದಕ್ಕಾಗಿ ಅಜ್ಜಿಯ ಮನೆಗೆ ಬಂದು ಕೂತಿದ್ದಳು. ನಾವು ಹೋದ ರವಿವಾರಕ್ಕೆ ಮೂರು ಮುಗಿದಿದ್ದವು. “ಮಾಮಾ, ಇನ್ನ ಏಳು ಅದಾವ. ಕೈ ಜರಡಿ ಆಗೇತಿ ನೋಡ್ರಿ” ಎಂದು ತೋಳು ತೋರಿಸಿ ನಕ್ಕಳು. ನಾನೂ ನಕ್ಕೆ.

ನಾವು ಬಂದ ಕಾರಣವನ್ನು ಅವರಿಗೂ ಹೇಳಲಿಲ್ಲ. ಒಂದು ಮನೆತನದ ರಕ್ತದಲ್ಲಿ ಏನೋ ಇದೆ ಎಂಬ ಸುದ್ದಿ ಹೊರಬಿದ್ದರೆ ಆ ಮನೆಯ ಹುಡುಗಿಯರಿಗೆ ವರ ಸಿಗುವುದಿಲ್ಲ. ನಮ್ಮಲ್ಲಿ ಸಕ್ಕರೆ ಕಾಯಿಲೆಯನ್ನೇ ಮದುವೆಯ ಮಾತುಕತೆ ಮುಗಿಯುವ ತನಕ ಅಡಗಿಸಿಡುತ್ತಾರೆ. ಇಲ್ಲಿಯೂ ಕಿವಿಮಷಿನ್ನಿನ ಸುಳ್ಳೇ ನಡೆಯಿತು.

ಪ್ರಯೋಗಾಲಯ, ಸೋಮವಾರ

ದೇವಸ್ಥಾನದಲ್ಲಿ ಬಿಡುವ ಹಾಗೆ ಪ್ರಯೋಗಾಲಯದಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ಅಲ್ಲಿನ ಜನಕ್ಕೆ ಹೆಸರು ಬರೆಯುವ ಹುಚ್ಚು. ಸೀಸೆಗೆ ಚೀಟಿ, ಪೆಟ್ಟಿಗೆಗೆ ಚೀಟಿ, ಊಟದ ಡಬ್ಬಿಗೂ ಚೀಟಿ. ನನ್ನ ತಂಗಿಯ ರಕ್ತದ ಕೋಶಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ದಿನ ಬಿಟ್ಟು ದಿನ ತಿಳಿಗುಲಾಬಿ ಬಣ್ಣದ ನೀರು ಉಣಿಸಿ ತಿಂಗಳುಗಟ್ಟಲೆ ಸಾಕುತ್ತಿದ್ದರು. ಅವಳ ಗಂಡ ಕೂಡ ಅವಳನ್ನು ಇಷ್ಟು ನಿಯಮದಿಂದ ನೋಡಿಕೊಂಡದ್ದಿಲ್ಲ.

ನಮ್ಮನ್ನು ಕರೆಸಿದ್ದ ಡಾಕ್ಟರ್ ಸ್ರವಂತಿ ಮೂವತ್ತೈದರ ಒಳಗಿನವರು. ತೆಲುಗರು, ಆದರೆ ಓದಿದ್ದು ರಾಯಚೂರಿನಲ್ಲಿ, ಕನ್ನಡ ಸರಾಗ. ಸುಧಾಳ ಎದುರು ಕೂತು ತುಟಿ ಕಾಣುವಂತೆ ನಿಧಾನ ಮಾತಾಡಿದರು. ಅಷ್ಟಕ್ಕೇ ಸುಧಾ ಅವರಿಗೆ ಒಲಿದಳು.

“ನಮ್ಮ ಒಂದೊಂದು ಜೀವಕೋಶದಾಗೂ ಮೈಟೊಕಾಂಡ್ರಿಯ ಅಂತ ನೂರಾರು ಇರ್ತಾವ. ನಾವು ಉಂಡ ಅನ್ನವನ್ನ ಶಕ್ತಿ ಮಾಡಿ ಕೊಡೋದು ಅವೇ. ಕೋಟಿಗಟ್ಟಲೆ ವರ್ಷದ ಹಿಂದ ಅವು ಬೇರೆ ಬ್ಯಾಕ್ಟೀರಿಯಾ ಆಗಿದ್ವು. ಇನ್ನೊಂದು ಕೋಶದೊಳಗ ಬಂದು ಸೇರಿಕೊಂಡು ಅಲ್ಲೇ ಉಳಿದ್ವು.”

“ಮನಿಅಳಿಯ,” ಎಂದಳು ಸುಧಾ.

“ಕರೆಕ್ಟ್! ಇವತ್ತಿಗೂ ತಮ್ಮ ಸ್ವಂತ ಡಿಎನ್‌ಎ ಬೇರೇನ ಇಟ್ಕೊಂಡಾವ. ನಿಮ್ಮ ಮೈಯಾಗ ಆ ಡಿಎನ್‌ಎದ ಒಂದೇ ಒಂದು ಅಕ್ಷರ ಬದಲಾಗೇತಿ. ಅದರಿಂದ ಮನಿಅಳಿಯ ಮತ್ತ ಥೇಟ್ ಬ್ಯಾಕ್ಟೀರಿಯಾದಂಗ ಕಾಣ್ತಾನ. ಬ್ಯಾಕ್ಟೀರಿಯಾ ಕೊಲ್ಲಾಕ ಕೊಟ್ಟ ಇಂಜೆಕ್ಷನ್ ಅವನನ್ನೂ ಹಿಡೀತದ. ಕಿವಿಯ ಒಳಗಿನ ಕೋಶಗಳು ಹಿಂಗ ಸತ್ರ ಮತ್ತ ಹುಟ್ಟಂಗಿಲ್ಲ.”

ಸೂಕ್ಷ್ಮದರ್ಶಕದಲ್ಲಿ ಸುಧಾಳ ಕೋಶಗಳನ್ನು ತೋರಿಸಿದರು. ಹಸಿರು ಎಳೆಗಳು ಮೆಲ್ಲಗೆ ಹೊರಳಾಡುತ್ತಿದ್ದವು. ಪಕ್ಕದ ತಟ್ಟೆಯಲ್ಲಿ ಅವೇ ಕೋಶಗಳಿಗೆ ಆ ಔಷಧ ಬೆರೆಸಿದ್ದರು. ಅಲ್ಲಿ ಎಳೆಗಳು ತುಂಡುತುಂಡಾಗಿ ಮಂಕಾಗಿದ್ದವು. ಸುಧಾ ಎರಡನೆಯ ತಟ್ಟೆಯ ಮೇಲಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ಮೂವತ್ತೈದು ವರ್ಷ ಹಸೀ ತಲಿ, ಹಸೀ ತಲಿ ಅಂತ ಬೈಸ್ಕೊಂಡೆ,” ಎಂದಳು ಕೊನೆಗೆ. “ಆ ಅತ್ತಿ ಸತ್ತು ಹೋಗ್ಯಾಳ. ಈಗ ಯಾರಿಗೆ ತೋರ್ಸಲಿ ಇದನ್ನ?”

ಇದೇ ಬದಲಾವಣೆ ಇದ್ದೂ ಕೆಲವರಿಗೆ ಇಂಜೆಕ್ಷನ್ ಇಲ್ಲದೆಯೇ ಕಿವಿ ಮಂದವಾಗುತ್ತದಂತೆ, ಕೆಲವರಿಗೆ ಏನೂ ಆಗುವುದಿಲ್ಲವಂತೆ. ಬೇರೆ ಯಾವ ಜೀನು ಒಬ್ಬರನ್ನು ಕಾಯುತ್ತದೆ, ಇನ್ನೊಬ್ಬರನ್ನು ಕೈಬಿಡುತ್ತದೆ ಎಂಬುದೇ ಅವರ ಈಗಿನ ಸಂಶೋಧನೆ. ಅದಕ್ಕೆ ಒಂದೇ ಬಳ್ಳಿಯ ಹಲವರ ರಕ್ತ ಬೇಕಿತ್ತು.

ನಾನು ಗಂಟಲು ಸರಿಪಡಿಸಿಕೊಂಡು ಪೈಪಿನಿಂದ ಮರ ಹೊರತೆಗೆದೆ. ಸ್ರವಂತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು.

“ಚೆಂದ ಐತಿ ಮಾಸ್ತರ್. ಇದರಾಗ ಹೆಣ್ಣುಮಕ್ಕಳು ಎಲ್ಲಿ?”

“ಅವರು ಲಗ್ನ ಆಗಿ ಹೋದರಲ್ರಿ.”

ಅವರು ನಗು ತಡೆದುಕೊಂಡದ್ದು ನನಗೂ ಕಂಡಿತು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ತಾಯಿಯ ಅಂಡದಲ್ಲಿದ್ದದ್ದೇ ಮಕ್ಕಳಿಗೆ ಉಳಿಯುತ್ತದೆ, ತಂದೆಯದು ಅಳಿದುಹೋಗುತ್ತದೆ. ಅವ್ವನಿಂದ ನನಗೂ ಅದು ಬಂದಿರಬೇಕು, ಆದರೆ ನನ್ನ ಮಕ್ಕಳಿಗೆ ನನ್ನಿಂದ ದಾಟಿಲ್ಲ. ಏಳು ತಲೆಮಾರಿನ ಮರ ಬರೆದವನಿಗೆ, ನೀನು ಈ ಮರದ ಒಣಟೊಂಗೆ ಎಂದು ಕೈಗವಸು ತೊಟ್ಟ ಹುಡುಗಿ ತಿಳಿಸಿದಂತಾಯಿತು.

ಬೇಕಾದದ್ದು ಹೆಣ್ಣಿನಿಂದ ಹೆಣ್ಣಿಗೆ ಇಳಿದ ಬಳ್ಳಿ. ನನಗೆ ಗೊತ್ತಿದ್ದದ್ದು ಇಷ್ಟೇ: ಅವ್ವನ ಅವ್ವ ಕೃಷ್ಣಾಬಾಯಿ, ಅವಳ ತಾಯಿ ಅಂಬಕ್ಕ, ತವರು ಗುಳೇದಗುಡ್ಡ. ಅಂಬಕ್ಕನ ಇನ್ನೊಬ್ಬ ಮಗಳು ಗೋದಾವರಿಯನ್ನು ಮೊಗಲಾಯಿಗೆ ಕೊಟ್ಟಿದ್ದರು ಎಂದು ಸೋದರಮಾವ ಹಿಂದೊಮ್ಮೆ ಹೇಳಿದ್ದ. ಅಲ್ಲಿಗೆ ಮುಗಿಯಿತು.

“ಆ ಗೋದಾವರಿಯ ಮಗಳು, ಮಗಳ ಮಗಳು ಇದೇ ಊರಾಗ ಎಲ್ಲೋ ಇರಬಹುದು,” ಎಂದರು ಸ್ರವಂತಿ. “ಅವರಿಗೆ ನಾಳೆ ಯಾವುದೋ ಜ್ವರಕ್ಕ ಈ ಇಂಜೆಕ್ಷನ್ ಕೊಟ್ರ ಕಿವಿ ಹೋಗ್ತದ. ಕೊಡೋ ಡಾಕ್ಟರಿಗೆ ಗೊತ್ತಾಗಂಗಿಲ್ಲ, ತಗೊಳ್ಳೋರಿಗೂ ಗೊತ್ತಿರಂಗಿಲ್ಲ. ಹುಡುಕ್ರಿ.”

ದೂರವಿಡಬೇಕಾದ ಔಷಧಗಳ ಹೆಸರು ಬರೆದ ಚೀಟಿ ಕೊಟ್ಟರು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕೇಸಿನ್, ಇನ್ನೂ ಎರಡು. ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ನಾಚಾರಂ

ಸಂಜೆ ಪದ್ಮಕ್ಕನನ್ನು ಕೇಳಿದೆ: “ಗೋದಾವರಿಬಾಯಿ ಅನ್ನೋ ಕನ್ನಡದವರ ಮನಿ ಯಾವುದಾದರೂ ಗೊತ್ತೇನ್ರಿ? ಹಳೇ ಸಂಬಂಧ, ಸುಮ್ನ ನೋಡ್ಕೊಂಡು ಹೋಗೋಣಂತ.”

ಪದ್ಮಕ್ಕ ಊರಿನ ಕನ್ನಡ ಮನೆಗಳನ್ನೆಲ್ಲ ಬೆರಳ ಮೇಲೆ ತಿರುವಿ ಹಾಕಿದರು. “ನಾಚಾರಂದಾಗ ಒಬ್ರು ಹಪ್ಪಳದ ಕಾರ್ಖಾನಿ ಮಾಡಿದ್ರಲ್ಲ, ಅವರು ಗೋದಾವರಿಬಾಯಿ. ಕೇಳಿ ನೋಡ್ರಿ.”

ಮಂಗಳವಾರ ಮುಂಜಾನೆ ಹೊರಡುವಾಗ ಅನಘಾಳೂ ಇಂಜೆಕ್ಷನ್ನಿಗೆ ಹೊರಟಳು. ಕ್ಲಿನಿಕ್ಕು ದಾರಿಯಲ್ಲೇ ಇತ್ತು. ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಅವಳು ಒಳಗೆ ಹೋದಾಗ ಅವಳ ಬ್ಯಾಗು, ಔಷಧದ ಫೈಲು ಎರಡನ್ನೂ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕಾದೆ. ದೊಡ್ಡ ಉಪಕಾರ ಮಾಡುತ್ತಿರುವ ಭಾವ ನನ್ನ ಮುಖದ ಮೇಲೆ ಇದ್ದಿರಬೇಕು.

ನಾಚಾರಂ ತುಂಬ ಸಣ್ಣಸಣ್ಣ ಕಾರ್ಖಾನೆಗಳು. ಮಸಾಲೆ ಕುಟ್ಟುವ ಓಣಿಯಲ್ಲಿ ಸುಧಾ ಹದಿನಾಲ್ಕು ಸೀನು ಸೀನಿದಳು, ನಾನು ಎಣಿಸಿದೆ. ಹಪ್ಪಳದ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಡಬ್ಬಿ ತಯಾರಾಗುತ್ತಿದ್ದವು. ಬಾಗಿಲಲ್ಲಿದ್ದ ಹಿರಿಯರು, “ಗೋದಾವರಿಬಾಯಿ? ಪರ್ಸೋಂ ತಕ್ ಯಹೀಂಚ್ ಥೇ” ಎಂದರು.

ಮೊನ್ನೆಯವರೆಗೆ ಇಲ್ಲೇ ಇದ್ದರು! ಇನ್ನೆಷ್ಟು ದೂರ ಹೋಗಿದ್ದಾರು ಎಂದು ನಾವು ಓಣಿ ಓಣಿ ತಿರುಗಿದೆವು. ಬಿಸಿಲಿಗೆ ಬೆಂದು ಮತ್ತೆ ಅದೇ ಬಾಗಿಲಿಗೆ ಬಂದು ವಿಚಾರಿಸಿದಾಗ ತಿಳಿದದ್ದು, ಅವರು ಊರು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿದೆ. ಹೈದರಾಬಾದಿನವರಿಗೆ ‘ಪರ್ಸೋಂ’ ಎಂದರೆ ಮೊನ್ನೆಯೂ ಹೌದು, ನಿಜಾಮರ ಕಾಲವೂ ಹೌದು. ನಮ್ಮೂರಲ್ಲಿ ‘ಈಗ ಬಂದೆ’ ಎಂದು ಹೋದವರು ಸಂಜೆಗೆ ಬರುತ್ತಾರಲ್ಲ, ಅದನ್ನೇ ಇವರು ಹಿಂದುಮುಂದಾಗಿ ಮಾಡುತ್ತಾರೆ.

ಪಕ್ಕದ ಗೇಟಿನ ತೆಲುಗು ಹೆಂಗಸು ನಮ್ಮ ಅವಸ್ಥೆ ನೋಡಿ ಒಳಗೆ ಕರೆದು ಗೋಂಗೂರ ಚಟ್ನಿಯಲ್ಲಿ ಅನ್ನ ಹಾಕಿದಳು. ಅವಳ ಹೆಸರೂ ಗೋದಾವರಿಯೇ. ಖಾರಕ್ಕೆ ಕಣ್ಣೀರು ಸುರಿಸುತ್ತ ಸುಧಾ, “ಇಕೀನ ನಮ್ಮಾಕಿ ಅಂತ ಬರಕೊಂಡು ಹೋಗೂಣು ನಡಿ” ಎಂದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಅನಘಾ ಕಿವಿ ತಿಕ್ಕಿಕೊಂಡು, “ಅಜ್ಜೀ, ರೂಮಿನ್ಯಾಗ ಸೊಳ್ಳಿ ಭಾಳ ಆಗ್ಯಾವ. ಕಿವ್ಯಾಗ ಒಂದ ಸಮ ಗುಂಯ್ ಅನ್ನಾಕತ್ತಾವ” ಎಂದಳು. ಬೇಗಂಪೇಟೆಯ ಸೊಳ್ಳೆಗಳಿಗೆ ಪದ್ಮಕ್ಕ ಉರ್ದುವಿನಲ್ಲಿ ಶಾಪ ಹಾಕಿದರು. ನಾನು ಎದ್ದು ಹೋಗಿ ಊರಿಂದ ತಂದಿದ್ದ ಸೊಳ್ಳೆಬತ್ತಿಯ ಪೆಟ್ಟಿಗೆ ತಂದುಕೊಟ್ಟೆ. ಆ ಮಾತಿನ ಅರ್ಥ ಗೊತ್ತಾಗುವವಳು ಅಲ್ಲಿ ಒಬ್ಬಳೇ ಇದ್ದಳು. ಸುಧಾ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು, ತುಟಿ ನೋಡಲಿಲ್ಲ.

ಪ್ರಯೋಗಾಲಯ, ಬುಧವಾರ

ಬುಧವಾರವೂ ಅನಘಾಳನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಅದು ಆರನೆಯ ಇಂಜೆಕ್ಷನ್. ಅಲ್ಲಿಂದ ಅವಳು ಮನೆಗೆ ಹೋದಳು, ನಾವು ಪ್ರಯೋಗಾಲಯಕ್ಕೆ ಹೋದೆವು. ಸುಧಾಳಿಗೆ ಕಿವಿಯ ಪರೀಕ್ಷೆ ಆಯಿತು. ಸೋಮವಾರ ಕೊಟ್ಟಿದ್ದ ನನ್ನ ರಕ್ತದ ವರದಿಯೂ ಬಂದಿತ್ತು. ನನ್ನಲ್ಲೂ ಅದೇ ಬದಲಾವಣೆ. ನನ್ನ ಕಿವಿ ನೆಟ್ಟಗಿರುವುದು ನನ್ನ ಗಟ್ಟಿತನದಿಂದಲ್ಲ, ಆ ಇಂಜೆಕ್ಷನ್ ನನಗೆ ಯಾರೂ ಕೊಡದ್ದರಿಂದ.

ಅಷ್ಟರಲ್ಲಿ ಸ್ರವಂತಿ ಕಾಗದಗಳನ್ನು ಹಿಡಿದು ಖುಷಿಯಿಂದ ಬಂದರು. “ಮಾಸ್ತರ್, ಇನ್ನೊಬ್ಬ ತಂಗಿ ಇದ್ದದ್ದು ನೀವು ಹೇಳಲೇ ಇಲ್ಲ! ಅವರಿಗೂ ಥೇಟ್ ಹಂಗೇ ಕಿವಿ ಹೋಗೇತಿ. ಎಲ್ಲಿ ಅವರು?”

ನನಗೆ ಇನ್ನೊಬ್ಬ ತಂಗಿ ಇಲ್ಲ. ಅವರ ಕೈಯಲ್ಲಿದ್ದ ನಕ್ಷೆ ನೋಡಿದರೆ ನನ್ನ ಪಕ್ಕ, ಕಿವಿ ಹೋದ ಹೆಂಗಸರ ಗುರುತಾಗಿ, ಎರಡು ಕಪ್ಪು ವೃತ್ತಗಳಿದ್ದವು. ಒಂದು ಸುಧಾ, ಇನ್ನೊಂದು ವಸುಂಧರಾ. ಸೋಮವಾರ ಫಾರ್ಮು ತುಂಬಿದವನು ನಾನು, ನನ್ನ ತಂಗಿ ನನಗೆ ಸುಧಾ. ಬುಧವಾರ ಕಿವಿ ಪರೀಕ್ಷೆಯ ಕೋಣೆಯಲ್ಲಿ ಬೇರೆಯವರು ಆಧಾರ್ ಕಾರ್ಡ್ ಕೇಳಿದರು, ಅವಳು ಕೊಟ್ಟಳು. ಅದರಲ್ಲಿ ಅವಳು ವಸುಂಧರಾ. ಕಂಪ್ಯೂಟರ್ ಎರಡು ದಿನದಲ್ಲಿ ಒಬ್ಬಳನ್ನು ಇಬ್ಬರು ಮಾಡಿಬಿಟ್ಟಿತ್ತು.

ಸುಧಾ ಹೊಟ್ಟೆ ಹಿಡಿದು ನಕ್ಕಳು. “ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಗಂಡ ಉಂಗುರದಿಂದ ಹೊಸಾ ಹೆಸರು ಬರೀತಾನ್ರಿ. ಅತ್ತೀ ಮನ್ಯಾಗ ಅದ ಹೆಸರು. ತವರಿಗೆ ಬಂದ್ರ ಸುಧಾ, ಅಲ್ಲಿ ಹೋದ್ರ ವಸುಂಧರಾ. ಒಬ್ಬಾಕೀನ ರೀ ನಾ!”

ಸ್ರವಂತಿಗೆ ಈ ಪದ್ಧತಿ ಹೊಸದು. ಕೆಂಪು ಪೆನ್ನಿನಿಂದ ಒಂದು ವೃತ್ತ ಹೊಡೆದು ಹಾಕಲು ಹೋದರು. ಅಷ್ಟರಲ್ಲಿ ಸುಧಾಳ ನಗು ನಿಂತಿತ್ತು. ನನ್ನ ತೋಳು ಹಿಡಿದಳು.

“ಅಣ್ಣಾ, ಎರಡು ದಿನದಿಂದ ಗೋದಾವರಿ ಗೋದಾವರಿ ಅಂತ ಈ ಊರಾಗ ಕೇಳ್ಕೋತ ತಿರುಗಾಕತ್ತೇವಲ್ಲ, ಈ ಊರು ಆಕೀಗೆ ಅತ್ತೀಮನಿ. ಇಲ್ಲಿ ಆಕೀನ್ನ ಗೋದಾವರಿ ಅಂತ ಯಾರು ಕರದಿರ್ತಾರ?”

ಮತ್ತೆ ಬೇಗಂಪೇಟೆ

ಪದ್ಮಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ದಾರಿಯುದ್ದ ಅವ್ವನ ‘ನಮ್ಮ ಪೈಕಿ’ಯನ್ನೇ ಜಪಿಸುತ್ತ ಬಂದ ಸುಧಾ ಚಪ್ಪಲಿಯಲ್ಲೇ ಒಳಗೆ ನುಗ್ಗಿದಳು.

“ಅಕ್ಕಾ, ನಿಮ್ಮವ್ವನ ಅವ್ವಗ ತವರಿನ್ಯಾಗ ಏನಂತ ಕರೀತಿದ್ರು?”

“ಆಯಿಗೇನು? ಆಕಿ ಹೆಸರು ಲಕ್ಷ್ಮೀಬಾಯಿ.”

“ಅದು ಅತ್ತೀಮನೀದು. ತವರಿನ್ಯಾಗ?”

ರೊಟ್ಟಿ ಬಡಿಯುವ ಕೈ ನಿಂತಿತು. “ತಡೀರಿ. ಸಿಟ್ಟು ಬಂದಾಗ ಆಯಿ ಅಂತಿದ್ಲು, ‘ನಾ ಹುಟ್ಟಾ ಗೋದಾವರಿ ಇದ್ದೀನಿ, ಉಕ್ಕಿದ್ರ ಮನೀನ್ನ ನುಂಗತೀನಿ’ ಅಂತ. ಹೌದಲ್ರಿ! ಗೋದಾ ಅಂತಿದ್ರಂತ. ಇಲ್ಲಿ ಅವರತ್ತೀ ಹೆಸರೂ ಗೋದಾವರೀನ ಇತ್ತು, ಅದಕ್ಕ ಬದಲಿ ಮಾಡಿದ್ರು. ತವರು ಎಲ್ಲೋ ಬಾಗಲಕೋಟಿ ಕಡೇನ…”

“ಗುಳೇದಗುಡ್ಡ,” ಎಂದೆ.

“ಹ್ಞಾಂ, ಗುಳೇದಗುಡ್ಡ. ನಿಮಗ ಹ್ಯಾಂಗ ಗೊತ್ತು?”

ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಈಗ ನಗಲು ಆಗಲಿಲ್ಲ. ಗೋದಾವರಿಯ ಮಗಳ ಮಗಳು ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಪದ್ಮಕ್ಕ ಆಗಲೇ ಹೇಳುತ್ತಿದ್ದರು, ತಮ್ಮ ಸೋದರಮಾವ ರೈಲ್ವೆಯಲ್ಲಿದ್ದ, ಯಾವುದೋ ಜಡ್ಡಿಗೆ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಕಿವುಡನಾದ, ಇಂಜಿನ್ನಿನ ಸಿಳ್ಳು ಅವನ ಕಿವಿ ತಿಂದಿತೆಂದು ಮನೆಯವರು ತಿಳಿದಿದ್ದರು. ನಾನು ಅರ್ಧಕ್ಕೇ ಅನಘಾಳ ಫೈಲು ಎಳೆದುಕೊಂಡೆ. ಕಿಸೆಯಿಂದ ಚೀಟಿ ತೆಗೆದೆ. ಮಡಿಕೆ ಬಿಚ್ಚಿ ಫೈಲಿನ ಪಕ್ಕ ಇಟ್ಟೆ.

ಅಮಿಕೇಸಿನ್. ಚೀಟಿಯಲ್ಲಿ ಮೂರನೆಯ ಹೆಸರು.

ಸುಧಾ ಆಗಲೇ ಅನಘಾಳ ಎದುರು ಕೂತಿದ್ದಳು. “ಕಿವ್ಯಾಗ ಏನಾರ ಸಪ್ಪಳ ಆಗ್ತೈತೇನು ಮಗಳ?”

“ಸೊಳ್ಳಿ, ಮೌಶಿ. ಮಾಮಾ ಬತ್ತಿ ಕೊಟ್ರು, ಆದ್ರೂ ಹೋಗಿಲ್ಲ.”

ಸುಧಾ ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ತುಟಿ ಬೇಕಿರಲಿಲ್ಲ.

ಕ್ಲಿನಿಕ್ಕು

ಗುರುವಾರದ ಇಂಜೆಕ್ಷನ್ ಹಾಕಲಿಲ್ಲ. ಸ್ರವಂತಿ ತಾವೇ ಕ್ಲಿನಿಕ್ಕಿನ ಡಾಕ್ಟರಿಗೆ ಫೋನ್ ಮಾಡಿದರು. ಪಾಪ, ಆ ಮನುಷ್ಯನ ತಪ್ಪೇನೂ ಇರಲಿಲ್ಲ, ಎಲ್ಲರಿಗೂ ಕೊಡುವ ಔಷಧವನ್ನೇ ಕೊಟ್ಟಿದ್ದರು. ಕೂಡಲೇ ಬೇರೆಯದು ಬರೆದುಕೊಟ್ಟರು. ಅನಘಾಳ ರಕ್ತ ಪ್ರಯೋಗಾಲಯಕ್ಕೆ ಹೋಯಿತು. ಶುಕ್ರವಾರ ಅವಳ ಕಿವಿಯ ಪರೀಕ್ಷೆ ಆಯಿತು.

ಮಾತಿನ ದನಿಗಳೆಲ್ಲ ಕೇಳುತ್ತಿದ್ದವು. ತೀರ ಸಣ್ಣ, ತೀಕ್ಷ್ಣ ಸದ್ದುಗಳು ಎರಡೂ ಕಿವಿಗೆ ಕೇಳದಾಗಿದ್ದವು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕೆಲವು ತಿಂಗಳು ನೋಡುತ್ತಿರಬೇಕು ಎಂದರು ಸ್ರವಂತಿ. ಕಾರಿಡಾರಿನ ಬೆಂಚಿನ ಮೇಲೆ ಅನಘಾ ನನ್ನ ಪಕ್ಕದಲ್ಲಿ ಕೂತಳು.

“ಮಾಮಾ, ಆ ಚೀಟಿ ನಿಮ್ಮ ಕಿಸೇದಾಗ ಇದ್ದಾಗ ನನಗ ಎಷ್ಟು ಇಂಜೆಕ್ಷನ್ ಆದ್ವು?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆ ವಾರ ಸಾಕಷ್ಟು ಸುಳ್ಳು ಹೇಳಿ ಅಭ್ಯಾಸವೂ ಆಗಿತ್ತು.

“ಎರಡು,” ಎಂದೆ. “ಎರಡಕ್ಕೂ ನಾನ ಕರಕೊಂಡು ಹೋಗಿದ್ದೆ.”

ಅವಳು ‘ಇರಲಿ ಬಿಡ್ರಿ’ ಎನ್ನಲಿಲ್ಲ. ನಾನು ಅದನ್ನು ಕಾಯುತ್ತಿದ್ದೆ, ಅವಳು ಅನ್ನಲಿಲ್ಲ. “ನಾಕು ಉಳದ್ವಲ್ಲ” ಎಂದಳು. ಆಮೇಲೆ ಸುಧಾಳ ಮುಖ ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು: “ಮೌಶಿ, ಒಂದ ವ್ಯಾಳೆ ಪೂರಾ ಹೋದ್ರ ಹ್ಯಾಂಗಿರ್ತೈತಿ?”

“ಮೊದಲ ಒಂದ ವರ್ಷ ಗೋಡಿಗೆ ತಲಿ ಬಡಕೋಬೇಕು ಅನಸ್ತೈತಿ,” ಎಂದಳು ಸುಧಾ. “ಆಮ್ಯಾಲೆ ನಿಮ್ಮ ಮಾಮಾ ವಂಶಾವಳಿ ಹೇಳಾಕ ಶುರು ಮಾಡ್ತಾನ ನೋಡು, ಆವಾಗ ಕಣ್ಣು ಮುಚ್ಚಿಬಿಟ್ಟರ ಆತು. ಆ ಸುಖ ಕಿವಿ ಇದ್ದೋರಿಗಿಲ್ಲ.”

ಅನಘಾ ನಕ್ಕಳು, ನಗುತ್ತಲೇ ಅತ್ತಳು. ನಾನು ಎದ್ದು ನೀರು ತರಲು ಹೋದೆ.

ಸ್ಟೇಷನ್

ರವಿವಾರ ಬೇಗಂಪೇಟೆ ಸ್ಟೇಷನ್ನಿನಲ್ಲಿ ರೈಲು ತಡ ಎಂದು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ಸುಧಾ ಚಹಾ ತರಲು ಹೋದಳು. ನಾನು ಬೆಂಚಿನ ಮೇಲೆ ಕೂತು ಅವ್ವನಿಗೆ ಫೋನ್ ಹಚ್ಚಿದೆ.

“ಅವ್ವಾ, ಈ ಪದ್ಮಕ್ಕ ನಮಗ ಏನಾಗಬೇಕು ಅಂತ ನಿನಗ ಗೊತ್ತೇನು?”

“ಗೊತ್ತಿಲ್ಲದೇನು? ನಮ್ಮವ್ವನ ತಂಗಿ ಗೋದವ್ವ. ಅಲ್ಲಿ ಲಕ್ಷ್ಮೀಬಾಯಿ ಅಂತ ಹೆಸರಿಟ್ರು. ಆಕೀ ಮಗಳ ಮಗಳು ಪದ್ಮಾ. ಅದಕ್ಕ ಅಲ್ಲೇ ಇಳೀರಿ ಅಂದೆ.”

“ಮತ್ತ ಮೊದಲ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ? ವರ್ಷಗಟ್ಟಲೆ ಆ ಹಾಳಿ ಹರವಿಕೊಂಡು ಕುಂತಿದ್ದಿ. ಕಾಕಾಗೋಳ್ನ ಕೇಳಿದಿ, ಭಟ್ರನ್ನ ಕೇಳಿದಿ, ನಿಮ್ಮ ಮಾಮಾನ್ನ ಕೇಳಿದಿ. ನಾ ಬಾಜೂಕ ಚಾ ಇಟ್ಟು ಹೋಗ್ತಿದ್ದೆ.”

ಹೌದು. ಆ ಚಹಾದ ಕಪ್ಪಿನ ಕರೆ ಕೂಡ ಹಾಳೆಗೆ ಹತ್ತೀತೆಂದು ಅವಳ ಮೇಲೆ ರೇಗಿದ್ದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಪ್ರಯೋಗಾಲಯ, ಅನಘಾ, ಚೀಟಿ, ಎರಡು ಇಂಜೆಕ್ಷನ್. ಸುಧಾಳ ಮೈಯಲ್ಲಿದ್ದ ಆ ಒಂದು ಅಕ್ಷರ ಅಂಬಕ್ಕನಿಂದ, ಅದಕ್ಕೂ ಹಿಂದಿನಿಂದ ಇಳಿದು ಬಂದದ್ದೆಂದು, ಆಗ ಅದು ಡಾಕ್ಟರಿಗೂ ಗೊತ್ತಿರಲಿಲ್ಲ, ದೇವರಿಗಷ್ಟೇ ಗೊತ್ತಿತ್ತೆಂದು ಹೇಳಿದೆ.



“ಆರನೇ ದಿನ ಹೇಳಿದ್ಲೋ ಮಾಧ್ಯಾ ಆಕಿ, ಕಿವಿ ಗುಂಯ್ ಅಂತೈತಿ ಅಂತ,” ಎಂದಳು ಅವ್ವ. “ನಾನ ಬೈದು ಕೂಡಿಸಿದೆ.”

“ನಾನೂ ಸೊಳ್ಳಿಬತ್ತಿ ಕೊಟ್ಟೆನವ್ವಾ.”

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ದನಿ ಬಿಗಿಯಾಯಿತು.

“ಅಂಬಕ್ಕಗ ಇಬ್ಬರು ಅಕ್ಕತಂಗೇರು ಇದ್ರು. ಒಬ್ಬಾಕೀನ್ನ ಸೊಲ್ಲಾಪುರಕ್ಕ ಕೊಟ್ಟಿದ್ರು, ಒಬ್ಬಾಕೀನ್ನ ರಾಯಚೂರ ಕಡೆ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿ ಅದಾವೋ. ಅವಕ್ಕೂ ಯಾರರ ಸೂಜಿ ಚುಚ್ಚಾಕತ್ತಿದ್ರ? ಪೆನ್ನು ಐತೇನು? ಬರಕೋ.”

“ಐತವ್ವಾ.”

“ಹೆಸರು ತವರಿಂದು ಹೇಳಲೋ, ಅತ್ತೀಮನೀದು ಹೇಳಲೋ?”

“ಎರಡೂ ಹೇಳವ್ವಾ,” ಎಂದೆ.